ಓಡದೆ ನಿಂತ ಡುಕಾಟಿ: ದುಡ್ಡು ಕೊಡುವ ಮುಂಚೆ

‘ಅಣ್ಣ, 1998ರ ಡುಕಾಟಿ 916 ಎಸ್‌ಪಿಎಸ್ ಒಂದು ಮಾರಾಟಕ್ಕಿದೆ. ಒಬ್ಬರೇ ಮಾಲೀಕರು, ಓಡಿರೋದು ಬರೀ 2,900 ಮೈಲಿ. ಬಿಡಬಾರದು ಅಲ್ವಾ?’

ಇಂಗ್ಲೆಂಡಿನಲ್ಲೋ ಜರ್ಮನಿಯಲ್ಲೋ ಕೆಲಸಕ್ಕಿರುವ ನಮ್ಮ ಹುಡುಗರಿಂದ ಇಂಥ ಫೋನು ಆಗಾಗ ಬರುತ್ತದೆ. ಜೊತೆಗೆ ಕಳಿಸಿದ ಫೋಟೊದಲ್ಲಿ ಕೆಂಪು ಬಣ್ಣ ಮೊನ್ನೆ ಬಳಿದಂತೆ ಹೊಳೆಯುತ್ತಿರುತ್ತದೆ. ಸೀಟಿನ ಕೆಳಗೆ ಅವಳಿ ಸೈಲೆನ್ಸರು, ಹ್ಯಾಂಡಲ್ ಪಟ್ಟಿಯ ಮೇಲೆ ಸಂಖ್ಯೆ ಕೊರೆದ ಬಿಲ್ಲೆ. ಹದಿನೈದನೇ ವಯಸ್ಸಿನಲ್ಲಿ ಪೋಸ್ಟರಿನಲ್ಲಿ ನೋಡಿದ ಗಾಡಿ ಕೈಗೆಟಕುವ ದೂರದಲ್ಲಿದೆ ಎಂದಾಗ ಎದೆ ಬಡಿದುಕೊಳ್ಳುವುದು ಸಹಜವೇ. ಆದರೆ ನಾನು ಕೇಳುವುದು ಒಂದೇ ಪ್ರಶ್ನೆ: ‘ಬೆಲ್ಟ್ ಕೊನೆಗೆ ಬದಲಿಸಿದ್ದು ಯಾವ ಇಸವಿಯಲ್ಲಿ?’ ಹೆಚ್ಚಿನ ಸಲ ಫೋನಿನ ಆ ಕಡೆ ಉತ್ತರವಿರುವುದಿಲ್ಲ.

ಇಂಥ ಗಾಡಿ ಕೊಳ್ಳಲು ಹೊರಟವರು ಎಡವುವುದು ಇಲ್ಲೇ. ಮೀಟರು ತೋರಿಸುವ ಅಂಕಿ ಗಾಡಿ ಎಷ್ಟು ದೂರ ಹೋಗಿದೆ ಎಂದಷ್ಟೇ ಹೇಳುತ್ತದೆ. ಎಷ್ಟು ಕಾಲ ಕಳೆದಿದೆ ಎಂದು ಹೇಳುವುದಿಲ್ಲ. ಇಟಲಿಯ ರೇಸ್ ರೆಪ್ಲಿಕಾಗಳನ್ನು ಮೈಲಿಯಲ್ಲಿ ಅಳೆಯಬೇಡಿ, ವರ್ಷದಲ್ಲಿ ಅಳೆಯಿರಿ. ಮುಂದೆ ಹೇಳಿರುವುದೆಲ್ಲ ಈ ಒಂದು ಮಾತಿನ ವಿಸ್ತರಣೆ.

ರೆಪ್ಲಿಕಾ ಎಂದರೆ ಯಾವ ರೆಪ್ಲಿಕಾ?

ವಿಶ್ವ ಸೂಪರ್‌ಬೈಕ್ ಪಂದ್ಯಾವಳಿ 1988ರಲ್ಲಿ ಶುರುವಾಯಿತು. ರೇಸಿಗೆ ಇಳಿಸುವ ಗಾಡಿಯನ್ನು ಕಂಪನಿ ಜನರಿಗೂ ಇಂತಿಷ್ಟು ಸಂಖ್ಯೆಯಲ್ಲಿ ಮಾರಿರಲೇಬೇಕೆಂಬುದು ಅದರ ಷರತ್ತು. ಹಾಗಾಗಿ ಕಾರ್ಖಾನೆಗಳು ರೇಸಿಗೆ ಬೇಕಾದ ಭಾಗಗಳನ್ನೇ ಹಾಕಿ, ನಂಬರ್ ಪ್ಲೇಟು ಕಟ್ಟಲು ಜಾಗ ಮಾಡಿ, ಕೆಲವೇ ಗಾಡಿಗಳನ್ನು ಹೊರಬಿಟ್ಟವು. ಮಸ್ಸಿಮೊ ತಂಬುರಿನಿ ರೂಪಿಸಿದ ಡುಕಾಟಿ 916 ರಸ್ತೆಗೆ ಬಂದದ್ದು 1994ರಲ್ಲಿ. ಅದೇ ವರ್ಷ ಕಾರ್ಲ್ ಫೋಗರ್ಟಿ ಅದರ ರೇಸ್ ಗಾಡಿಯಲ್ಲಿ ವಿಶ್ವ ಚಾಂಪಿಯನ್ ಆದರು. 1995, 1998, 1999ರಲ್ಲೂ ಗೆದ್ದರು. 1997ರಲ್ಲಿ ಬಂದ 916 ಎಸ್‌ಪಿಎಸ್ ಈ ಗೆಲುವಿನ ಓಟಕ್ಕೆಂದೇ ಹುಟ್ಟಿದ್ದು. ಹೆಸರು 916 ಆದರೂ ಎಂಜಿನ್ 996 ಸಿಸಿ. ಒಳಗೆ ಟೈಟಾನಿಯಂ ಕನೆಕ್ಟಿಂಗ್ ರಾಡು, ಒಂದೊಂದು ಸಿಲಿಂಡರಿಗೆ ಎರಡೆರಡು ಇಂಜೆಕ್ಟರು.

ಇನ್ನೊಂದು ಬಗೆಯ ರೆಪ್ಲಿಕಾಗಳಿವೆ. ಮಾಮೂಲಿ ಗಾಡಿಗೆ ರೇಸ್ ತಂಡದ ಬಣ್ಣ, ಪ್ರಾಯೋಜಕರ ಸ್ಟಿಕ್ಕರು ಹಾಕಿ ಕಾರ್ಖಾನೆಯೇ ಮಾರಿದವು. ಅವೂ ಚೆಂದವೇ. ಆದರೆ ಎರಡರ ಬೆಲೆ ಒಂದೇ ಅಲ್ಲ. ಜಾಹೀರಾತಿನಲ್ಲಿರುವುದು ಯಾವ ಬಗೆಯದು ಎಂದು ಮೊದಲು ಗೊತ್ತುಮಾಡಿಕೊಳ್ಳಿ.

ನಿಂತಲ್ಲೇ ಕೆಡುವುದು ಹೇಗೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಎಷ್ಟೋ ಯೆಜ್ಡಿಗಳು ಮನೆಯ ಜಗಲಿಯಲ್ಲಿ, ದನದ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತವು. ಅವನ್ನು ಮತ್ತೆ ಎಬ್ಬಿಸಿದ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಹೇಳುತ್ತಾರೆ: ದಿನಾ ಓಡಿದ ಗಾಡಿಯ ರಿಪೇರಿ ಸುಲಭ, ನಿಂತ ಗಾಡಿಯದು ಕಷ್ಟ. ಡುಕಾಟಿಗೂ ಅದೇ ಮಾತು. ಕೆಡುವ ಭಾಗಗಳ ಬೆಲೆ ಮಾತ್ರ ಬೇರೆ.

ಮೊದಲು ಬೆಲ್ಟಿನ ವಿಷಯ. ಈ ಎಂಜಿನ್ನಿನಲ್ಲಿ ಕ್ಯಾಮ್ ತಿರುಗಿಸಲು ಸರಪಳಿಯಿಲ್ಲ, ಹಲ್ಲುಳ್ಳ ಎರಡು ರಬ್ಬರ್ ಬೆಲ್ಟುಗಳಿವೆ. ಗಾಡಿ ನಿಂತಾಗ ಬೆಲ್ಟು ಪುಲ್ಲಿಯ ಸುತ್ತ ಒಂದೇ ಜಾಗದಲ್ಲಿ ಬಾಗಿ ವರ್ಷಗಟ್ಟಲೆ ಹಾಗೇ ಕೂರುತ್ತದೆ, ರಬ್ಬರು ಆ ಬಾಗಿನಲ್ಲೇ ಗಡುಸಾಗುತ್ತದೆ. ಒಂದು ದಿನ ಎಂಜಿನ್ ಚಾಲೂ ಮಾಡಿದಾಗ ಬೆಲ್ಟು ಹರಿದರೆ ಅಥವಾ ಹಲ್ಲು ತಪ್ಪಿದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ. ಆಮೇಲೆ ಉಳಿಯುವುದು ದೊಡ್ಡ ಬಿಲ್ಲು ಮಾತ್ರ. ಅದಕ್ಕೇ ಈ ಪೀಳಿಗೆಯ ಗಾಡಿಗಳಿಗೆ, ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಹೊಸ ಬೆಲ್ಟು ಹಾಕಬೇಕೆನ್ನುವುದು. ಕಾಲು ಶತಮಾನ ದಾಟಿದ ಗಾಡಿಗೆ ಹನ್ನೆರಡು ಸಲವಾದರೂ ಬದಲಾಗಿರಬೇಕಿತ್ತು.

ಎರಡನೆಯದು ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇ 10ರವರೆಗೂ ಇದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಆ ನೀರು ತಳಕ್ಕಿಳಿದು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಪೆಟ್ರೋಲ್ ಪಂಪು, ಫಿಲ್ಟರು, ಅವನ್ನು ಜೋಡಿಸುವ ರಬ್ಬರ್ ಪೈಪು ಎಲ್ಲವೂ ಟ್ಯಾಂಕಿನೊಳಗೇ ಇರುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಪೈಪು ಬಿರುಕು ಬಿಟ್ಟರೆ ಪೆಟ್ರೋಲು ಟ್ಯಾಂಕಿಗೇ ಸೋರಿ ಒತ್ತಡ ಇಳಿಯುತ್ತದೆ. ಗಾಡಿ ನಿಧಾನಕ್ಕೆ ಚೆನ್ನಾಗಿಯೇ ಓಡಿ, ಜೋರು ಮಾಡಿದಾಗ ಉಸಿರು ಕಟ್ಟಿದಂತೆ ಆಡುತ್ತದೆ.

ಮೂರನೆಯದು ಎಂಜಿನ್ ಆಯಿಲ್. ‘ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಬಿಡ್ತಿದ್ದೆ’ ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಅವರ ಉದ್ದೇಶ ಒಳ್ಳೆಯದು, ಗಾಡಿಗೆ ಆಗಿರುವುದು ಮಾತ್ರ ಕೆಡುಕು. ಪೆಟ್ರೋಲು ಉರಿದಾಗ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಐದು ನಿಮಿಷದಲ್ಲಿ ಅಷ್ಟು ಬಿಸಿಯಾಗುವುದಿಲ್ಲ. ನೀರು ಒಳಗೇ ಹನಿಗಟ್ಟಿ ಆಯಿಲ್ ಜೊತೆ ಸೇರಿ ಲೋಹಕ್ಕೆ ಹತ್ತುತ್ತದೆ.

ಏಕೆ ಈ ಎಂಜಿನ್ನಿಗೆ ಇಷ್ಟು ಉಪಚಾರ?

ಬೇರೆ ಬೈಕುಗಳಲ್ಲಿ ಕ್ಯಾಮ್ ವಾಲ್ವನ್ನು ತೆರೆಯುತ್ತದೆ, ಸ್ಪ್ರಿಂಗು ಮುಚ್ಚುತ್ತದೆ. ಡುಕಾಟಿಯ ‘ಡೆಸ್ಮೊ’ ಪದ್ಧತಿಯಲ್ಲಿ ತೆರೆಯಲು ಒಂದು ರಾಕರ್, ಮುಚ್ಚಲು ಇನ್ನೊಂದು. ಎಂಜಿನ್ ಎಷ್ಟೇ ಜೋರಾಗಿ ತಿರುಗಿದರೂ ವಾಲ್ವು ಕ್ಯಾಮಿನ ಮಾತು ಮೀರುವುದಿಲ್ಲ. ರೇಸಿನಲ್ಲಿ ಅದೇ ಲಾಭ. ಆದರೆ 8 ವಾಲ್ವಿಗೆ 16 ರಾಕರ್, 16 ಕಡೆ ಸಂದು ಅಳೆದು ಸರಿಮಾಡಬೇಕು. ಇದು ಬಿಡುವು ಮಾಡಿಕೊಂಡು, ತಾಳ್ಮೆಯಿಂದ ಮಾಡಬೇಕಾದ ಕೆಲಸ.

ಇದರಲ್ಲಿ ಒಂದು ಹೆಸರಾದ ಕಾಯಿಲೆಯೂ ಇದೆ. ಒಂದೊಂದು ಸಿಲಿಂಡರಿಗೆ ನಾಲ್ಕು ವಾಲ್ವಿರುವ 90ರ ದಶಕದ ಡುಕಾಟಿಗಳಲ್ಲಿ ರಾಕರಿನ ಮುಖಕ್ಕೆ ಹಾಕಿದ ಕ್ರೋಮ್ ಲೇಪ ಹಪ್ಪಳದಂತೆ ಏಳುತ್ತದೆ. ಎದ್ದ ಚೂರುಗಳು ಆಯಿಲ್‌ನಲ್ಲಿ ಸುತ್ತುತ್ತವೆ, ಕ್ಯಾಮಿನ ಮೈ ಗೀಚಿಹೋಗುತ್ತದೆ. ಕಡಿಮೆ ಓಡಿದ ಗಾಡಿಗೂ ಇದರಿಂದ ವಿನಾಯಿತಿ ಇಲ್ಲ. ಕವರು ಬಿಚ್ಚದೆ ಇದು ಕಾಣುವುದೂ ಇಲ್ಲ.

ನೋಡುವ ಕ್ರಮ

1. ಮನೆಯಲ್ಲೇ ಕೂತು ಕಾಗದ ನೋಡಿ. ಬ್ರಿಟನ್ನಿನಲ್ಲಿ ನಂಬರ್ ಪ್ಲೇಟಿನ ಸಂಖ್ಯೆ ಗೊತ್ತಿದ್ದರೆ ಸಾಕು, ಎಂಒಟಿ ಎಂಬ ವಾರ್ಷಿಕ ತಪಾಸಣೆಯ ಇತಿಹಾಸ ಸರ್ಕಾರದ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. 2005ರಿಂದ ಈಚೆಗಿನ ಪ್ರತಿ ತಪಾಸಣೆಯ ದಿನ, ಅಂದಿನ ಮೀಟರ್ ಅಂಕಿ, ಕಂಡ ದೋಷಗಳು ಅದರಲ್ಲಿರುತ್ತವೆ. ಅಂಕಿ ಹಿಂದಕ್ಕೆ ಹೋಗಿದೆಯೇ ನೋಡಿ. ನಡುವೆ ಐದಾರು ವರ್ಷ ತಪಾಸಣೆಯೇ ಇಲ್ಲದಿದ್ದರೆ ಗಾಡಿ ಆ ಕಾಲ ರಸ್ತೆಗಿಳಿಯದೆ ಎಲ್ಲೋ ನಿಂತಿತ್ತೆಂದು ಅರ್ಥ. ಅದು ತಪ್ಪೇನಲ್ಲ, ಆದರೆ ಎಲ್ಲಿ, ಹೇಗೆ ನಿಂತಿತ್ತೆಂದು ಕೇಳಬೇಕು. ಒಣ ಕೋಣೆಯಲ್ಲಿ ನಿಂತದ್ದಕ್ಕೂ ತೇವದ ಶೆಡ್ಡಿನಲ್ಲಿ ನಿಂತದ್ದಕ್ಕೂ ಅಜಗಜಾಂತರ. ಗಾಡಿಯ ಮೇಲೆ ಸಾಲ ಬಾಕಿ ಇದೆಯೇ ಎಂಬುದನ್ನೂ ಹಣ ಕೊಟ್ಟು ಪರಿಶೀಲಿಸಿಕೊಳ್ಳಿ. ಸಾಲ ತೀರುವವರೆಗೆ ಗಾಡಿಯ ಒಡೆತನ ಸಾಲ ಕೊಟ್ಟವರದೇ ಆಗಿರಬಹುದು. ಜರ್ಮನಿಯಲ್ಲಾದರೆ ಟ್ಯೂಫ್ ತಪಾಸಣೆಯ ಹಳೆಯ ವರದಿಗಳನ್ನು ಕೇಳಿ.

2. ಸರ್ವಿಸ್ ಪುಸ್ತಕದ ಮೊಹರಿಗಿಂತ ಬಿಲ್ಲು ಮುಖ್ಯ. ಮೊಹರನ್ನು ಯಾರೂ ಒತ್ತಬಹುದು. ಬೆಲ್ಟಿನ ಬೆಲೆ, ಸಂದು ಸರಿಮಾಡಲು ವಾಲ್ವಿಗೆ ಹಾಕಿದ ಶಿಮ್‌ಗಳ ಅಳತೆ, ಅಂದಿನ ಮೈಲಿ ಬರೆದ ಬಿಲ್ಲು ಸುಳ್ಳು ಹೇಳುವುದು ಕಷ್ಟ. ವಾಲ್ವು ನೋಡಿದ ಮೆಕ್ಯಾನಿಕ್ ರಾಕರುಗಳ ಬಗ್ಗೆ ಒಂದು ಸಾಲು ಬರೆದಿದ್ದರಂತೂ ಆ ಕಾಗದಕ್ಕೆ ಬೆಲೆ ಕಟ್ಟಲಾಗದು.

3. ಗಾಡಿ ತಾನು ಹೇಳಿಕೊಳ್ಳುವ ಗಾಡಿಯೇ ಎಂದು ನೋಡಿ. ಚಾಸಿ ನಂಬರು ಝಡ್‌ಡಿಎಂ ಅಕ್ಷರಗಳಿಂದ ಶುರುವಾಗುತ್ತದೆ. ಕಾಗದದಲ್ಲಿರುವುದಕ್ಕೂ ಫ್ರೇಮಿನಲ್ಲಿ ಕೊರೆದದ್ದಕ್ಕೂ ಅಕ್ಷರಶಃ ತಾಳೆಯಾಗಬೇಕು. ಸಂಖ್ಯೆ ಬರೆದ ಬಿಲ್ಲೆಯೊಂದನ್ನೇ ನಂಬಬೇಡಿ, ಅಂಥ ಬಿಲ್ಲೆ ಮಾಡಿಸಿ ಅಂಟಿಸುವುದು ದೊಡ್ಡ ಕೆಲಸವಲ್ಲ. ಮಾಮೂಲಿ 996ಕ್ಕೆ ಒಂಟಿ ಸೀಟು, ಓಲಿನ್ಸ್ ಶಾಕ್ ಅಬ್ಸಾರ್ಬರು, ಸ್ಟಿಕ್ಕರು ಹಾಕಿ ಎಸ್‌ಪಿಎಸ್ ಎಂದು ಕರೆಯುವುದು ಸಾಧ್ಯ. ಚಾಸಿ ಮತ್ತು ಎಂಜಿನ್ ನಂಬರು ಎರಡನ್ನೂ ಬರೆದುಕೊಂಡು, ಆ ದೇಶದ ಡುಕಾಟಿ ಮಾಲೀಕರ ಸಂಘದಲ್ಲಿ ಈ ಮಾದರಿಯನ್ನು ಬಲ್ಲವರ ಬಳಿ ಕೇಳಿ. ಅವರಿಗೆ ಇದು ಬಾಯಿಪಾಠ.

4. ಮೀಟರಿನ ಅಂಕಿಗೂ ಗಾಡಿಯ ಮೈಗೂ ಹೊಂದುತ್ತದೆಯೇ? ಈ ಕಾಲದ ಮೀಟರು ಕೇಬಲ್ಲಿನಿಂದ ಓಡುವಂಥದ್ದು. ಕೇಬಲ್ ಕಳಚಿದರೆ ಅಂಕಿ ನಿಲ್ಲುತ್ತದೆ, ಮೀಟರನ್ನೇ ಬದಲಿಸಲೂ ಬರುತ್ತದೆ. ಹಾಗಾಗಿ ಮೈ ನೋಡಬೇಕು. ಬ್ರೇಕ್ ಡಿಸ್ಕಿನ ಅಂಚಿನಲ್ಲಿ ಬೆರಳಾಡಿಸಿ, ಸವೆದು ತುಟಿ ಎದ್ದಿದ್ದರೆ 2,900 ಮೈಲಿಯ ಕಥೆ ನಂಬುವಂತಿಲ್ಲ. ರೇಡಿಯೇಟರಿನ ರೆಕ್ಕೆಗಳಲ್ಲಿ ಕಲ್ಲಿನ ಏಟು, ಕಾಲಿಡುವ ಪೆಗ್ಗಿನ ಒರಟು ನುಣುಪಾಗಿರುವುದು, ಕೀಲಿಗೊಂಚಲು ತೂಗಾಡಿ ಹ್ಯಾಂಡಲ್ ಪಟ್ಟಿಯಲ್ಲಿ ಮೂಡಿದ ಗೀರು, ಜಾಕೆಟ್ಟಿನ ಜಿಪ್ಪು ಟ್ಯಾಂಕಿನ ಹಿಂಬದಿಯಲ್ಲಿ ಉಜ್ಜಿದ ಗುರುತು ಎಲ್ಲವನ್ನೂ ನೋಡಿ. ಇನ್ನೊಂದು ಗುರುತನ್ನು ನಾನು ತಪ್ಪದೆ ಹುಡುಕುತ್ತೇನೆ. ಆಯಿಲ್ ಡ್ರೈನ್ ಬೋಲ್ಟು, ಕ್ಯಾಲಿಪರ್ ಬೋಲ್ಟುಗಳ ತಲೆಯಲ್ಲಿ ಸಣ್ಣ ತೂತು ಕೊರೆದಿದೆಯೇ? ಬೋಲ್ಟು ಸಡಿಲವಾಗದಂತೆ ತಂತಿ ಕಟ್ಟಲು ಹಾಗೆ ಕೊರೆಯುವುದು ರೇಸ್ ಟ್ರ್ಯಾಕಿಗೆ ಹೋಗುವವರು. ಟ್ರ್ಯಾಕಿನ 500 ಮೈಲಿ ರಸ್ತೆಯ ಮೈಲಿಯಂತಲ್ಲ.

5. ಟೈರಿನ ಇಸವಿ ಓದಿ. ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2306 ಎಂದಿದ್ದರೆ 2006ರ 23ನೇ ವಾರ. ಮೂರೇ ಅಂಕಿ ಇದ್ದರೆ ಟೈರು 2000ಕ್ಕಿಂತ ಹಿಂದಿನದು. ಗುಂಡಿ ಎಷ್ಟೇ ಆಳವಿದ್ದರೂ ಅದು ಪ್ರದರ್ಶನಕ್ಕೆ ಮಾತ್ರ, ಸವಾರಿಗಲ್ಲ.

6. ಎಂಜಿನ್ ತಣ್ಣಗಿರುವಾಗಲೇ ಚಾಲೂ ಆಗಬೇಕು. ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿರಿ. ಹೋದ ಕೂಡಲೇ ಎಂಜಿನ್ ಕವರಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ, ಏಕೆಂದು ಕೇಳಿ. ಬೆಲ್ಟು ಹಳೆಯದೆಂದು ಗೊತ್ತಾದರೆ ಚಾಲೂ ಮಾಡಲೇ ಬಿಡಬೇಡಿ. ಆಗ ಬೆಲ್ಟು ಹಾಕಿಸಿದ ಮೇಲೆ ನೋಡುವ ಷರತ್ತಿನ ಮೇಲೆ ಮಾತಾಡಿ. ಚಾಲೂ ಆದ ಮೇಲೆ ಕ್ಲಚ್ ಹಿಡಿದರೆ ತಗಡಿನ ಡಬ್ಬಿಯಲ್ಲಿ ನಾಣ್ಯ ಕುಲುಕಿದಂತೆ ಸದ್ದು ಬರುತ್ತದೆ. ಹೆದರಬೇಡಿ, ಒಣ ಕ್ಲಚ್ಚಿನ ಸದ್ದೇ ಹಾಗೆ. ಬ್ಯಾಟರಿಗೆ ಮಲ್ಟಿಮೀಟರ್ ಹಚ್ಚಿ, ಎಂಜಿನ್ನನ್ನು ಸ್ವಲ್ಪ ಏರಿಸಿ. 13.5ರಿಂದ 14.5 ವೋಲ್ಟ್ ನಡುವೆ ನಿಲ್ಲಬೇಕು. ಇಲ್ಲದಿದ್ದರೆ ರೆಗ್ಯುಲೇಟರಿನ ಕಡೆ ನೋಡಿ, ಈ ಗಾಡಿಗಳಲ್ಲಿ ಅದು ಕೈಕೊಡುವುದುಂಟು.

7. ಮೈಮೇಲಿನ ಫೇರಿಂಗ್ ಕಳಚಿಸಿ. ಅದು ಕೆಲವೇ ನಿಮಿಷದ ಕೆಲಸ, ರೇಸಿಗೆಂದೇ ಹಾಗೆ ಮಾಡಿದ್ದಾರೆ. ಕಳಚಲು ಮಾರುವವರು ಒಪ್ಪದಿದ್ದರೆ ಕೈಮುಗಿದು ಬನ್ನಿ. ಮುಂದಿನ ಸ್ಪ್ರಾಕೆಟ್ಟಿನ ಬಳಿಯಿರುವ ಕ್ಲಚ್ ಸ್ಲೇವ್ ಸಿಲಿಂಡರು ಸೋರಿದೆಯೇ, ನೀರಿನ ಪೈಪುಗಳು ಒತ್ತಿದರೆ ಗಟ್ಟಿಯಾಗಿ ಕರಕರ ಎನ್ನುತ್ತವೆಯೇ, ಮುಂದಿನ ಫೋರ್ಕಿನ ಕೊಳವೆಯಲ್ಲಿ ತುಕ್ಕಿನ ಚುಕ್ಕೆ ಇದೆಯೇ ನೋಡಿ. ಟ್ಯಾಂಕಿನ ಮುಚ್ಚಳ ತೆರೆದು ಟಾರ್ಚು ಬಿಡಿ. ಹುಳಿ ವಾರ್ನಿಷಿನ ವಾಸನೆ ಬಂದರೆ ಪೆಟ್ರೋಲು ಅಲ್ಲೇ ಕೊಳೆತಿದೆ.

ಬೇರೆ ಎರಡು ಗಾಡಿಗಳ ಬಗ್ಗೆ ಒಂದೊಂದು ಮಾತು

ಅಪ್ರಿಲಿಯಾ ಆರ್‌ಎಸ್250 ನೋಡಲು ಹೊರಟಿದ್ದರೆ, ಅದರ ಟೂ ಸ್ಟ್ರೋಕ್ ಎಂಜಿನ್ನಿನ ಮೂಲ ಸುಜುಕಿಯದು. ಅಲ್ಲಿ ಬೆಲ್ಟಿನ ಚಿಂತೆಯಿಲ್ಲ, ಕ್ರ್ಯಾಂಕ್ ಸೀಲಿನ ಚಿಂತೆ. ನಿಂತು ಒಣಗಿದ ಸೀಲಿನಿಂದ ಗಾಳಿ ಒಳಹೊಕ್ಕರೆ ಪೆಟ್ರೋಲಿನ ಪ್ರಮಾಣ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗುತ್ತದೆ. ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಡುಕಾಟಿ ಡೆಸ್ಮೊಸೆಡಿಚಿ ಆರ್‌ಆರ್ ಮೋಟೊಜಿಪಿ ಗಾಡಿಯ ರಸ್ತೆ ರೂಪ, 1,500 ಮಾತ್ರ ಮಾಡಿದರು. ಅದರ ಹಿಂದಿನ ಚಕ್ರ 16 ಇಂಚಿನದು, ಇಂದಿನ ಸೂಪರ್‌ಬೈಕುಗಳದು 17. ಮಾತುಕತೆಗೆ ಮುಂಚೆ ಆ ಅಳತೆಯ ಹೊಸ ಟೈರು ನಿಮ್ಮ ಊರಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ.

ಎಲ್ಲರೂ ಮಾಡುವ ತಪ್ಪುಗಳು

ಬೆಲೆಯ ಲೆಕ್ಕವನ್ನು ಜಾಹೀರಾತಿನ ಅಂಕಿಗೇ ನಿಲ್ಲಿಸುವುದು ಮೊದಲನೆಯದು. ಬೆಲ್ಟು, ವಾಲ್ವಿನ ತಪಾಸಣೆ, ಟ್ಯಾಂಕಿನೊಳಗಿನ ಪೈಪು ಮತ್ತು ಫಿಲ್ಟರು, ಎಲ್ಲ ಎಣ್ಣೆಗಳು, ಬ್ರೇಕಿನ ಸೀಲು, ಟೈರು, ಬ್ಯಾಟರಿ ಇಷ್ಟಕ್ಕೂ ಆ ಊರಿನ ಡುಕಾಟಿ ಮೆಕ್ಯಾನಿಕ್ಕಿನಿಂದ ಬರಹದಲ್ಲಿ ಅಂದಾಜು ತೆಗೆದುಕೊಂಡು ಹೋಗಿ. ಅದನ್ನು ಮೇಜಿನ ಮೇಲಿಟ್ಟು ಚೌಕಾಸಿ ಮಾಡುವುದರಲ್ಲಿ ಸಂಕೋಚ ಬೇಡ. ಕೆಲಸ ಮಾಡಿಸಿ ಬಿಲ್ಲಿಟ್ಟುಕೊಂಡ 12,000 ಮೈಲಿಯ ಗಾಡಿ ಪಕ್ಕದಲ್ಲಿದ್ದರೆ, ಸವಾರಿಯ ಆಸೆಯಿರುವವರು ಅದನ್ನೇ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ತಪ್ಪು, ಹಳೆಯ ಮಾಲೀಕರು ಕಳಚಿಟ್ಟ ಭಾಗಗಳನ್ನು ಕೇಳದೆ ಬರುವುದು. ಹೊಸದರಲ್ಲಿ ಬಂದ ಸೈಲೆನ್ಸರು, ಕನ್ನಡಿ, ಇಂಡಿಕೇಟರು, ಎರಡನೇ ಕೀಲಿ, ಟೂಲ್ ಚೀಲ, ಮಾಲೀಕರ ಕೈಪಿಡಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತವೆ. ಆ ಪೆಟ್ಟಿಗೆಯನ್ನು ಗಾಡಿಯ ಜೊತೆಗೇ ತನ್ನಿ. ಆಮೇಲೆ ಒಂದೊಂದನ್ನೂ ಹುಡುಕಿ ಕೊಳ್ಳುವುದು ವರ್ಷಗಳ ಕೆಲಸ.

ಹಾಗೆಯೇ ಬಿಸಿಲಿಗೆ ಮಾಸಿದ ಬಣ್ಣ ಕಂಡ ತಕ್ಷಣ ಪೂರ್ತಿ ಪೇಂಟ್ ಮಾಡಿಸಲು ಹೋಗಬೇಡಿ. ಕಾರ್ಖಾನೆಯ ಬಣ್ಣ ಒಂದು ಸಲ ಹೋದರೆ ಮತ್ತೆ ಬರುವುದಿಲ್ಲ.

ಎಚ್ಚರ

ನೋಡಲು ಹೋದಾಗ ಸೈಡ್ ಸ್ಟ್ಯಾಂಡಿನ ಬಗ್ಗೆ ಹುಷಾರು. 916ರ ಸ್ಟ್ಯಾಂಡು ಭಾರ ತೆಗೆದ ಕೂಡಲೇ ಸ್ಪ್ರಿಂಗಿನಿಂದ ತಾನೇ ಮಡಚಿಕೊಳ್ಳುವಂಥದ್ದು. ಗಾಡಿಯನ್ನು ಕೊಂಚ ನೆಟ್ಟಗೆ ಎತ್ತಿ ಕೈಬಿಟ್ಟರೆ ಅದು ಮಗ್ಗುಲಿಗೆ ಬೀಳುತ್ತದೆ. ನನ್ನ ಕಣ್ಣೆದುರೇ ಹೀಗೆ ಒಂದು ಗಾಡಿ ಬಿತ್ತು. ಫೇರಿಂಗ್ ಬಿರಿದ ಆ ಸದ್ದು ಇನ್ನೂ ಕಿವಿಯಲ್ಲಿದೆ.

ಹಳೆಯ ಟೈರು, ಹಳೆಯ ಬ್ರೇಕ್ ಎಣ್ಣೆಯ ಮೇಲೆ ಟೆಸ್ಟ್ ರೈಡ್ ಬೇಡ. ಬ್ರೇಕ್ ಎಣ್ಣೆ ತೇವ ಹೀರುತ್ತದೆ, ಬಿಸಿಯಾದಾಗ ಆ ನೀರು ಆವಿಯಾಗಿ ಲಿವರ್ ಹ್ಯಾಂಡಲಿಗೇ ಬಂದು ತಾಗುತ್ತದೆ.

ಗಾಡಿ ಕಣ್ಣಾರೆ ನೋಡುವ ಮುಂಚೆ ಮುಂಗಡ ಕಳಿಸಬೇಡಿ. ದೂರದ ಊರಾದರೆ ಅಲ್ಲಿನ ಡುಕಾಟಿ ತಜ್ಞರಿಗೆ ಶುಲ್ಕ ಕೊಟ್ಟು ತಪಾಸಣೆ ಮಾಡಿಸಿ, ರಾಕರ್ ಕವರು ಬಿಚ್ಚಿ ನೋಡುವುದೂ ಅದರಲ್ಲಿ ಸೇರಿರಲಿ.

‘ಕೊಂಡುಕೊಂಡು ಊರಿಗೆ ಕಳಿಸ್ತೀನಿ, ಬೆಂಗಳೂರಲ್ಲಿ ರಿಜಿಸ್ಟರ್ ಮಾಡಿಸ್ತೀನಿ’ ಎನ್ನುವವರಿಗೆ ಇದು: ರಸ್ತೆಗಿಳಿಸಲು ಭಾರತಕ್ಕೆ ತರುವ ಬಳಸಿದ ವಾಹನ ತಯಾರಾಗಿ ಮೂರು ವರ್ಷ ಮೀರಿರಬಾರದು ಎಂಬುದು ಮೂಲ ನಿಯಮ. ತೀರಾ ಹಳೆಯ ವಿಂಟೇಜ್ ವಾಹನಗಳಿಗೆ ಬೇರೆ ದಾರಿ ಇದೆ, 1998ರ ಗಾಡಿ ಅದಕ್ಕೂ ಸೇರದು. ನೀವಿರುವ ದೇಶದಲ್ಲೇ ಓಡಿಸುವ ಮನಸ್ಸಿದ್ದರೆ ಮಾತ್ರ ಮುಂದುವರಿಯಿರಿ.

ಮನೆಗೆ ತಂದ ಮೇಲೆ

ವ್ಯಾನಿನಲ್ಲೇ ತನ್ನಿ, ಓಡಿಸಿಕೊಂಡು ಬರಬೇಡಿ. ಬೆಲ್ಟು, ಪೈಪು, ಎಣ್ಣೆ, ಟೈರು ಎಲ್ಲ ಹೊಸದಾದ ಮೇಲೆ ಮೊದಲ 300 ಮೈಲಿ ನಿಧಾನವಾಗಿ, ಆದರೆ ಪ್ರತಿ ಸಲವೂ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ಆಮೇಲೆ ಇನ್ನೊಮ್ಮೆ ಆಯಿಲ್ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ಬಟ್ಟೆಯ ಮೂಲಕ ಸೋಸಿ, ಜಾಲರಿ ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಿ. ಬಟ್ಟೆಯಲ್ಲಿ ಬೂದುಬಣ್ಣದ ನುಣ್ಣನೆ ಪುಡಿ ಉಳಿದರೆ ಅದು ಮಾಮೂಲಿ ಸವೆತ. ಉಗುರಿಗೆ ಸಿಗುವ, ಕನ್ನಡಿಯಂತೆ ಮಿಂಚುವ ತೆಳು ಚೂರು ಕಂಡರೆ ಅದು ಕ್ರೋಮ್. ಅವತ್ತೇ ಗಾಡಿ ನಿಲ್ಲಿಸಿ, ರಾಕರ್ ಕವರು ಬಿಚ್ಚಿಸಿ.